ತಾನಾಗಿಯೇ ತಿರುಗಿದ ಗಾಣ

ಬಾಗಿಲು ತೆರೆದ ದೀಪಿಕಳಿಗೆ ಮೊದಲು ಕಂಡದ್ದು ಹೊರಗೆ ನಿಂತಿದ್ದ ಹುಡುಗಿಯ ಕೈಗಳು. ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದವು. ಹುಡುಗಿ ಎರಡು ಸಲ ಬೀದಿಯ ಕಡೆ ತಿರುಗಿ ನೋಡಿ, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಪಂಕಜಮ್ಮ ಮೇಡಂ ಇದಾರಾ? ಬಾಗಿಲು ಹಾಕಿಬಿಡಿ ಅಕ್ಕ, ದಮ್ಮಯ್ಯ."

ಪಂಕಜಮ್ಮನವರು ಕಾರ್ಖಾನೆಗಳ ಇಲಾಖೆಯಲ್ಲಿ ಅಪಘಾತಗಳ ತನಿಖೆ ಮಾಡಿಯೇ ತಲೆ ನರೆಸಿಕೊಂಡವರು. ನಿವೃತ್ತಿಯಾದ ಮೇಲೆ ಮದ್ದೂರಿನ ತಮ್ಮ ಹಳೆಯ ಮನೆಗೆ ಬಂದು ನೆಲೆಸಿದ್ದರು. ಪೊಲೀಸರಿಗೆ ಹೇಳಲಾಗದ್ದನ್ನೂ, ಪೊಲೀಸರಿಗೆ ಬಗೆಹರಿಯದ್ದನ್ನೂ ಜನ ಅವರ ಬಳಿಗೆ ತರುತ್ತಿದ್ದರು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ದೀಪಿಕ ಪಶು ಆಸ್ಪತ್ರೆಯ ಉದ್ಯೋಗಿ. ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ದಾರಿಗಳೆಲ್ಲ ಗೊತ್ತಿದ್ದುದರಿಂದ ಮೇಡಂ ಎಲ್ಲಿಗೆ ಹೊರಟರೂ ಅವಳೇ ಸಾರಥಿ.

"ನಾನು ಚಂದನ. ಚಿಕ್ಕರಸಿನಕೆರೆ ಹೊನ್ನಯ್ಯನವರ ಮಗಳು," ಎಂದಳು ಹುಡುಗಿ. "ನಮ್ಮ ಆಲೆಮನೇಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ನಮ್ಮ ಆಳು ಶಿವರಾಮಣ್ಣನ ಕೈ ಜಜ್ಜಿಹೋಯ್ತು. ಗಾಣದ ವೇಗ ಹೆಚ್ಚು ಕಡಿಮೆ ಮಾಡೋ ಕಂಟ್ರೋಲರ್ ನಾನೇ ಮಾಡಿದ್ದು. ಕರೆಂಟು ಹೋಗಿತ್ತಂತೆ. ಶಿವರಾಮಣ್ಣ ಉರುಳೆ ಮಧ್ಯ ಸಿಕ್ಕಿದ್ದ ಸಿಪ್ಪೆ ಎಳೀತಿದ್ರಂತೆ. ಕರೆಂಟು ಬಂದ ತಕ್ಷಣ ಗಾಣ ತಾನಾಗೇ ತಿರುಗ್ತಂತೆ. ಹಾಗೆ ಆಗೋಕೇ ಸಾಧ್ಯ ಇಲ್ಲ ಮೇಡಂ. ಹಾಗೆ ಆಗಬಾರ್ದು ಅಂತಲೇ ಕಷ್ಟಪಟ್ಟು ಮಾಡಿದ್ದೆ."

"ನೀನು ಎಲ್ಲಿದ್ದೆ?"

"ಮಳವಳ್ಳೀಲಿ. ಮುದ್ದಮ್ಮತ್ತೆಗೆ ಜ್ವರ ಅಂತ ಅವತ್ತು ಬೆಳಗಿನ ಮೊದಲ ಬಸ್ಸಿಗೆ ಹೋಗಿದ್ದೆ. ಪೊಲೀಸ್ನವರು ನನ್ನ ಹುಡುಕ್ತಿದಾರೆ ಅಂತ ಗೊತ್ತಾದಾಗಿನಿಂದ ಅಲ್ಲೇ ಬಚ್ಚಿಟ್ಟುಕೊಂಡಿದ್ದೆ."

ಅವಳು ಬ್ಯಾಗಿನಿಂದ ಹೆಬ್ಬೆರಳಿನಷ್ಟು ದಪ್ಪದ ಎರಡು ಬಿಡಿಭಾಗಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಎರಡಕ್ಕೂ ತಿರುಗಿಸಲು ಒಂದೊಂದು ಕಡ್ಡಿ. ಪಂಕಜಮ್ಮ ಸನ್ನೆ ಮಾಡಿದರು. ದೀಪಿಕ ಮೊದಲನೆಯದನ್ನು ತಿರುಗಿಸಿದಳು. ಅದು ನುಣ್ಣಗೆ ಮುಕ್ಕಾಲು ಸುತ್ತು ಹೋಗಿ ತಡೆದು ನಿಂತಿತು. ಎರಡನೆಯದು ಟಿಕ್ ಟಿಕ್ ಎನ್ನುತ್ತಾ ಸುತ್ತಿತು, ಸುತ್ತುತ್ತಲೇ ಇತ್ತು.

"ನಿಂತುಹೋಗೋದು ಪೊಟೆನ್ಶಿಯೋಮೀಟರ್," ಎಂದಳು ಚಂದನ. "ಹಳೇ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸ್ತೀವಲ್ಲ, ಅದೇ. ಎಲ್ಲಿ ಬಿಟ್ರೋ ಅಲ್ಲೇ ಇರುತ್ತೆ. ಕರೆಂಟು ಹೋಗಿ ಬಂದ್ರೂ ಅದಕ್ಕೆ ನೆನಪಿರುತ್ತೆ, ಮೋಟಾರು ಅದೇ ವೇಗದಲ್ಲಿ ಶುರುವಾಗಿಬಿಡುತ್ತೆ. ಮೊದಲನೇ ಕಂಟ್ರೋಲರ್ ಡಬ್ಬಿಗೆ ಅದನ್ನೇ ಹಾಕಿದ್ದೆ, ಅಗ್ಗ ಅಂತ. ಆಮೇಲೆ ಭಯವಾಗಿ ಆ ಡಬ್ಬೀನೇ ಬಿಚ್ಚಿ ಮನೆ ಅಟ್ಟಕ್ಕೆ ಹಾಕಿದೆ. ಇದು ರೋಟರಿ ಎನ್‌ಕೋಡರ್. ಎಷ್ಟು ಹೆಜ್ಜೆ ತಿರುಗ್ತು ಅಂತ ಎಣಿಸೋಕೆ ಮಾತ್ರ. ಕರೆಂಟು ಹೋದ್ರೆ ಎಣಿಕೆ ಸೊನ್ನೆ. ಯಾರಾದರೂ ಮತ್ತೆ ತಿರುಗಿಸೋ ತನಕ ಗಾಣ ಏಳಲ್ಲ."

"ಇದರಲ್ಲೂ ದುಬಾರಿ, ಅಗ್ಗ ಅಂತ ಇರುತ್ತಲ್ಲ?"

ಚಂದನಳ ಕಣ್ಣಲ್ಲಿ ನೀರು ತುಂಬಿತು. "ಇದೆ ಮೇಡಂ. ಕಾರ್ಖಾನೆಯವರು ಹಾಕೋದು ನಮ್ಮ ಕೈಗೆಟುಕಲ್ಲ. ನಾನು ಮಂಡ್ಯದ ಅಂಗಡೀಲಿ ತಗೊಂಡಿದ್ದು ಒಂದು ಮಸಾಲೆ ದೋಸೆ ಬೆಲೇದು. ಅಗ್ಗದ್ದು ಒಂದೊಂದ್ಸಲ ಹೆಜ್ಜೆ ತಪ್ಪಿ ಎಣಿಸುತ್ತೆ. ಅದಕ್ಕೂ ಪರಿಹಾರ ಮಾಡಿದ್ದೆ. ದಿನಾ ಸಂಜೆ ಡಬ್ಬಿ ಒರೆಸಿಡ್ತಿದ್ದೆ. ಈಗ ಊರೆಲ್ಲ ಅದನ್ನೇ ಅಂತಿದೆ, ಚಿಲ್ಲರೆ ಸಾಮಾನು ಹಾಕಿ ಒಬ್ಬನ ಕೈ ತೆಗೆದಳು ಅಂತ. ನಿಜ ಇರಬಹುದಾ? ರಾತ್ರಿ ಕಣ್ಣು ಮುಚ್ಚಿದರೆ ಆ ಗಾಣ ತಿರುಗೋದೇ ಕಾಣುತ್ತೆ."

ಪಂಕಜಮ್ಮ ಎನ್‌ಕೋಡರನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸುತ್ತಾ ಕುಳಿತರು. "ಹೆಜ್ಜೆ ತಪ್ಪೋದು ಬೇರೆ, ಎದ್ದು ಓಡೋದು ಬೇರೆ," ಎಂದರು ಕೊನೆಗೆ. "ನೀನು ಇಲ್ಲೇ ಇರು. ನಾವು ಬರೋ ತನಕ ಬಾಗಿಲು ತೆಗೀಬೇಡ."

ಆಲೆಮನೆ ಊರಾಚೆಯ ಕಬ್ಬಿನ ಗದ್ದೆಯ ನಡುವೆ ಇತ್ತು. ಇನ್ನೂರು ಮಾರು ದೂರದಲ್ಲಿದ್ದಾಗಲೇ ಸುಟ್ಟ ಬೆಲ್ಲದ ಕಮಟು ಮೂಗಿಗೆ ಬಡಿಯಿತು. ಸಬ್ ಇನ್ಸ್‌ಪೆಕ್ಟರು ಪಂಕಜಮ್ಮನವರನ್ನು ಬಲ್ಲವರು. ಒಬ್ಬ ಪೇದೆಯ ಕೈಲಿ ಬೀಗದ ಕೈ ಕಳಿಸಿದ್ದರು. ಹೊನ್ನಯ್ಯ, ಅವರ ಮಗ ರಘುನಂದನ್, ತಮ್ಮ ಜಯಪ್ರಕಾಶ್ ಬಾಗಿಲಲ್ಲೇ ನಿಂತಿದ್ದರು. ಆಳುಗಳು ಯಾರೂ ಇರಲಿಲ್ಲ.

"ಯಾರೂ ಬರಾಕಿಲ್ಲ ಅಂತಾರೆ ಮೇಡಮ್ಮೋರೆ," ಎಂದರು ಹೊನ್ನಯ್ಯ. "ಗಾಳಿ ಸೇರ್ಕಂಡದೆ ಅಂತಾರೆ. ಕರೆಂಟು ಬಂದ್ರೆ ಸಾಕು ಎದ್ದೇಳ್ತದಂತೆ."

ದನಗಳ ಕೊಂಬಿಗೂ ಒದೆತಕ್ಕೂ ಹೆದರದ ದೀಪಿಕಳಿಗೆ ಆ ಕತ್ತಲ ಕೋಣೆಗೆ ಕಾಲಿಡಲು ಮನಸ್ಸು ಬರಲಿಲ್ಲ. ಮೂರು ಕಬ್ಬಿಣದ ಉರುಳೆಗಳು ಒಂದಕ್ಕೊಂದು ಮೈ ತಾಗಿಸಿ ಕುಳಿತಿದ್ದವು. ಅವುಗಳ ಮಧ್ಯೆ ಒಣಗಿ ಕಪ್ಪಾದ ಸಿಪ್ಪೆ. ಪೇದೆ ಮುಖ್ಯ ಸ್ವಿಚ್ಚು ಇಳಿದಿದೆ ಎಂದು ತೋರಿಸಿದರೂ ಅವಳ ಕಣ್ಣು ಉರುಳೆಗಳ ಮೇಲೆಯೇ ಇತ್ತು. ಗೋಡೆಯ ಮೊಳೆಗೆ ತೂಗು ಹಾಕಿದ್ದ ಸ್ಟೀಲಿನ ಡಬ್ಬಿಯಿಂದ ಒಂದು ತಂತಿ ಮೋಟಾರಿನ ಪೆಟ್ಟಿಗೆಗೆ ಹೋಗಿ ಪ್ಲಗ್ಗಿನಲ್ಲಿ ಸೇರಿತ್ತು. ಪಂಕಜಮ್ಮ ಅದರ ನಾಬನ್ನು ತಿರುಗಿಸಿದರು. ಟಿಕ್ ಟಿಕ್ ಎನ್ನುತ್ತಾ ಸುತ್ತಿತು, ಎಲ್ಲೂ ನಿಲ್ಲಲಿಲ್ಲ. ಚಂದನ ಹೇಳಿದ ಎನ್‌ಕೋಡರೇ. ಅವರು ಡಬ್ಬಿಯ ಮೇಲೆ ಬೆರಳು ಎಳೆದು ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳದೆಯೇ ಕೆಳಗಿಳಿಸಿದರು.

"ಆ ಡಬ್ಬಿ ಬ್ಯಾಡ ಅಂತ ಬಡ್ಕಂಡೆ," ಎಂದ ರಘುನಂದನ್ ಸಿಟ್ಟಿನಿಂದ. "ಕೇಳ್ನಿಲ್ಲ. ಅಪ್ಪನೂ ಅವಳ ಕಡೇನೇ."

"ಅವತ್ತು ಏನಾಯ್ತು? ನೀನು ಎಲ್ಲಿದ್ದೆ?"

"ಮೊಬ್ಬಲ್ಲೇ ಅವಳ್ನ ಬಸ್ಸಿಗೆ ಬುಟ್ಟು ಬಂದು ಗದ್ದೇಲಿ ಕಬ್ಬು ಕಡಿಸ್ತಿದ್ದೆ. ಶಿವರಾಮು ಅರಚಿದ್ದು ಅಲ್ಲಿಗೂ ಕೇಳಿಸ್ತು. ಓಡಿ ಬಂದು ಮೇನ್ ಇಳಿಸ್ದೆ. ಚಿಕ್ಕಪ್ಪ ನನಗಿಂತ ಮುಂಚೆ ಬಂದಿದ್ರು. 'ಚಂದನಾ, ಚಂದನಾ' ಅಂತ ಕೂಗ್ಕಂಡೇ ಓಡಿ ಬಂದ್ರು ಪಾಪ. ಅವಳಂದ್ರೆ ಅಷ್ಟು ಜೀವ. ಕರೆಂಟು ಓದಾಗೆಲ್ಲ ಉರುಳೆ ಸಿಪ್ಪೆ ತೆಗೀತಿದ್ದವಳು ಅವಳೇ ಅಲ್ವಾ. ನಾನು, ಅಪ್ಪ, ಅವ್ವ ಸೇರಿ ಶಿವರಾಮುನ ಟೆಂಪೋದಲ್ಲಿ ಹಾಕ್ಕಂಡು ಮಂಡ್ಯಕ್ಕೆ ಓದೋ."

ಜಯಪ್ರಕಾಶ್ ಸೌಮ್ಯ ಸ್ವಭಾವದವನಂತೆ ಕಂಡ. ಹೆಂಡತಿ ತೀರಿಹೋದ ಮೇಲೆ ಅಣ್ಣನ ಮನೆಯಲ್ಲೇ ಊಟ, ಆಲೆಮನೆಯಲ್ಲೇ ನಿದ್ದೆ. ಬೆಲ್ಲದ ಹದ ನೋಡುವುದರಲ್ಲಿ ಸುತ್ತಲಿನ ಊರುಗಳಿಗೆಲ್ಲ ಹೆಸರಾದವನು. "ನಾನು ಇಲ್ಲೇ ಉಳ್ಕಂಡೆ," ಎಂದ. "ಆಳುಗಳು ಎದರ್ಕಂಡು ಓಡೋಗಿದ್ರು. ಕೊಪ್ಪರಿಗೇಲಿ ಪಾಕ ಕುದೀತಿತ್ತು. ಬೆಂಕಿ ಆರಿಸ್ಬೇಕಲ್ಲ. ಪೋಲೀಸ್ನೋರು ಬಂದು ಬೀಗ ಆಕೋ ಗಂಟ ಒಬ್ನೇ ಕೂತಿದ್ದೆ. ಗಾಣದ ಕಡೆ ತಿರುಗೂ ನೋಡ್ನಿಲ್ಲ. ಆ ಮಗು ಎಲ್ಲದೆ ಮೇಡಮ್ಮೋರೆ? ಉಂಡಳೋ ಬುಟ್ಟಳೋ."

"ನಮ್ಮನೇಲಿದಾಳೆ. ಚೆನ್ನಾಗಿದಾಳೆ," ಎಂದರು ಪಂಕಜಮ್ಮ.

ಮನೆಯಲ್ಲಿ ಚಂದನಳ ತಾಯಿ ಹೊಂಬಾಳಮ್ಮ ಕಾಫಿ ಕೊಟ್ಟರು. ಮಗಳನ್ನು ನೆನೆದು ಅತ್ತರು, ಬೈದರು, ಮತ್ತೆ ಅತ್ತರು. "ನನ್ನ ಎರಡು ಊಟದ ಡಬ್ಬೀನೂ ತೂತು ಕೊರೆದು ಆಳು ಮಾಡುದ್ಲು. ಒಂದು ಗಾಣಕ್ಕೆ, ಒಂದು ಅಟ್ಟಕ್ಕೆ. ಅವಾಗ್ಲೇ ಬ್ಯಾಡ ಅನ್ಬೇಕಿತ್ತು." ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಗೋಡೆಯನ್ನು ತೋರಿಸಿದರು. "ಮನೆಗೆ ಕೆಟ್ಟಗಾಲ ಬಂದದೆ ಕಣಮ್ಮ. ನೋಡಿ, ಎಂದೂ ಇಲ್ಲದ ಇರುವೆ. ಅಟ್ಟದ ಮ್ಯಾಲೆ ಬೆಲ್ಲ ಇಲ್ಲ, ಸಕ್ಕರೆ ಇಲ್ಲ, ಅರಿಸಿನ ಉಯ್ದ್ರೂ ಓಗವೊಲ್ಲವು."

ದೀಪಿಕ ತಲೆಯೆತ್ತಿದಳು. ಕೆಂಪಿರುವೆಗಳ ಸಾಲು ಗೋಡೆ ಹತ್ತಿ, ಅಟ್ಟದ ಹಲಗೆಯ ಸಂದಿಯಲ್ಲಿ ಮರೆಯಾಗುತ್ತಿತ್ತು. ಪಂಕಜಮ್ಮ ಆ ಸಾಲನ್ನೇ ನೋಡುತ್ತಿದ್ದರು. ಕೈಲಿದ್ದ ಕಾಫಿ ಆರಿತು. ಅದನ್ನು ಅವರು ಕುಡಿಯಲೇ ಇಲ್ಲ.

ಅಲ್ಲಿಂದ ನೇರ ಮಂಡ್ಯಕ್ಕೆ. ಆಸ್ಪತ್ರೆಯ ಹಾಸಿಗೆಯಲ್ಲಿ ಶಿವರಾಮು ಬಲಗೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ಬ್ಯಾಂಡೇಜಿನ ಗಾತ್ರದಲ್ಲಿ ಕೈ ಎಷ್ಟು ಉಳಿದಿದೆ ಎಂದು ಊಹಿಸಲು ಆಗುತ್ತಿರಲಿಲ್ಲ. ಪಕ್ಕದ ಫ್ಯಾನು ತಿರುಗಲು ಶುರುವಾದಾಗ ಅವನ ಇಡೀ ಮೈ ಅದುರಿತು.

"ಆ ಬೆಳಗ್ಗೆ ಡಬ್ಬಿ ನಾಬನ್ನ ನೀನು ಮುಟ್ಟಿದ್ಯಾ ಶಿವರಾಮು?" ಎಂದು ಪಂಕಜಮ್ಮ ಮೆಲ್ಲಗೆ ಕೇಳಿದರು.

"ಮುಟ್ಟಿದ್ದೆ ಕಣ್ರವ್ವ. ಕರೆಂಟು ಓಗಕೆ ಮುಂಚೆ. ಕಬ್ಬು ದಪ್ಪ ಇತ್ತು, ಜೋರು ಮಾಡೋಣ ಅಂತ ಬಲಕ್ಕೆ ತಿರುವ್ದೆ. ವಸಿ ದೂರ ಓಗಿ ಗಕ್ಕಂತ ನಿಂತ್ಕತು. ಇನ್ನೂ ತಿರುವಕ್ಕೆ ನೋಡ್ದೆ, ಮುಂದಕ್ಕೇ ಓಗ್ನಿಲ್ಲ. ಸಿಪ್ಪೆ ಗಿಪ್ಪೆ ಸಿಕ್ಕಂಡದೆ, ಚಂದನವ್ವ ಬಂದ್ಮೇಲೆ ತೋರ್ಸೋಣ ಅಂತ ಸುಮ್ನಾದೆ." ಅವನು ಗುಟುಕು ನೀರು ಕುಡಿದ. "ಅವ್ವ, ಆ ಮಗಾ ಏನೂ ತಪ್ಪು ಮಾಡಿರಾಕಿಲ್ಲ. ಕರೆಂಟು ಓದ್ರೆ ಎದರ್ಬೇಡ ಶಿವರಾಮಣ್ಣ, ಅದು ತಾನಾಗಿ ಏಳಾಕಿಲ್ಲ ಅಂತ ಅವಳೇ ಎಷ್ಟು ಸಲ ಕೈಯಾಕಿ ತೋರ್ಸಿದ್ಲು."

ಪಂಕಜಮ್ಮ ಥಟ್ಟನೆ ಎದ್ದು ನಿಂತರು. ಮೆಟ್ಟಿಲಿಳಿಯುತ್ತಲೇ ಅವರು ಹೇಳಿದರು, "ಚಂದನಂಗೆ ಫೋನ್ ಮಾಡು. ಯಾರು ಬಂದು ಕರೆದ್ರೂ ಹೋಗಬೇಡ ಅನ್ನು. ಮನೆಯವರು ಬಂದ್ರೂ ಅಷ್ಟೇ."

ಫೋನು ಸ್ವಿಚ್ ಆಫ್ ಆಗಿತ್ತು.

ಮದ್ದೂರು ಮುಟ್ಟುವ ತನಕ ದೀಪಿಕಳಿಗೆ ಹೆದ್ದಾರಿಯ ಲಾರಿಗಳು ಕಾಣಲಿಲ್ಲ. ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಎದುರು ಮನೆಯ ಸೋಮಮ್ಮ ಜಗಲಿಯ ಮೇಲಿಂದಲೇ ಹೇಳಿದರು, "ಆ ಹುಡುಗೀನಾ? ಅವರ ಚಿಕ್ಕಪ್ಪ ಬಂದು ಬೈಕಲ್ಲಿ ಕೂರಿಸ್ಕೊಂಡು ಹೋದ್ರು. ಮನೇಲಿ ನಾನಿದೀನಿ, ಯಾಕವ್ವ ಹೆದರ್ತೀಯ ಅಂತ ಎಷ್ಟು ಚೆನ್ನಾಗಿ ಮಾತಾಡ್ಸಿದ್ರು. ಅಂಥವರು ಇರಬೇಕು ನೋಡಿ."

ಪಂಕಜಮ್ಮನವರ ಮುಖ ಬಿಳುಚಿಕೊಂಡಿತು. "ಎಲ್ಲಿದಾಳೆ ಅಂತ ನಾನೇ ಬಾಯಿಬಿಟ್ಟೆ," ಎಂದರು. ಸಬ್ ಇನ್ಸ್‌ಪೆಕ್ಟರಿಗೆ ಫೋನು ಮಾಡುವಾಗ ಅವರ ದನಿ ಸ್ಥಿರವಾಗಿತ್ತು. ಆದರೆ ಸ್ಕೂಟರ್ ಹತ್ತಿದ ಮೇಲೆ ಅವರ ಬೆರಳುಗಳು ದೀಪಿಕಳ ಭುಜವನ್ನು ಬಿಗಿಯಾಗಿ ಹಿಡಿದಿದ್ದವು. ಸಂಜೆಯ ಬಿಸಿಲು ಇಳಿಯುತ್ತಿತ್ತು. ದಾರಿಯ ಎರಡೂ ಬದಿಯ ಕಬ್ಬು ಅಲುಗಿದಾಗಲೆಲ್ಲ ಅವಳಿಗೆ ಉರುಳೆಗಳ ನಡುವಿನ ಆ ಕಪ್ಪು ಸಿಪ್ಪೆಯೇ ಕಣ್ಣಿಗೆ ಬರುತ್ತಿತ್ತು. ಆಲೆಮನೆಯ ಮುಂದೆ ಹಾದಾಗ ಬಾಗಿಲ ಬೀಗ ಹಾಗೆಯೇ ಇದ್ದುದನ್ನು ನೋಡಿ ಅವಳು ಉಸಿರು ಬಿಟ್ಟಳು.

ಚಂದನ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದಳು. ಜಯಪ್ರಕಾಶ್ ಪಕ್ಕದಲ್ಲೇ ಕುಳಿತು ತಟ್ಟೆಯಲ್ಲಿ ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತಿದ್ದ. "ಒಂದು ತುತ್ತಾದ್ರೂ ಉಣ್ಣು ನನ್ನವ್ವ," ಎನ್ನುತ್ತಿದ್ದ. ದೀಪಿಕ ಹೋಗಿ ಚಂದನಳನ್ನು ಎಬ್ಬಿಸಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಯಾಕೆಂದು ಕೇಳಿದರೆ ಏನು ಹೇಳುವುದೆಂದು ಅವಳಿಗೆ ತಿಳಿದಿರಲಿಲ್ಲ.

ಸ್ವಲ್ಪದರಲ್ಲೇ ಸಬ್ ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದರು. ಪಂಕಜಮ್ಮ ಎಲ್ಲರನ್ನೂ ಕೂರಿಸಿದರು. ತಾವು ಮಾತ್ರ ಕಂಬಕ್ಕೆ ಒರಗಿ ನಿಂತರು.

"ರಘುನಂದನ್, ಅಟ್ಟ ಹತ್ತಿ ಆ ಇರುವೆಗಳು ಎಲ್ಲಿ ಮುತ್ತಿವೆ ನೋಡಪ್ಪ. ಅಲ್ಲಿರೋದನ್ನ ತಾ. ಬಟ್ಟೇಲಿ ಹಿಡ್ಕೊ."

ರಘುನಂದನ್ ಏಣಿ ಹಾಕಿ ಹತ್ತಿದ. ಇಳಿದಾಗ ಅವನ ಕೈಲಿ ಗಾಣಕ್ಕೆ ತೂಗು ಹಾಕಿದ್ದಂಥದೇ ಒಂದು ಸ್ಟೀಲಿನ ಡಬ್ಬಿ ಇತ್ತು. ಇರುವೆಗಳು ಅದರ ನಾಬಿನ ಸುತ್ತ ಕೆಂಪಗೆ ಮುತ್ತಿದ್ದವು.

"ಇದು ಚಂದನ ಮಾಡಿದ ಮೊದಲನೇ ಕಂಟ್ರೋಲರ್," ಎಂದರು ಪಂಕಜಮ್ಮ. "ಕರೆಂಟು ಹೋಗಿ ಬಂದರೂ ವೇಗ ನೆನಪಿಟ್ಟುಕೊಳ್ಳೋ ಪೊಟೆನ್ಶಿಯೋಮೀಟರ್ ಇದರಲ್ಲಿದೆ. ಹೆದರಿ ಬಿಚ್ಚಿಟ್ಟಳು. ಎರಡನೇದಕ್ಕೆ ಎನ್‌ಕೋಡರ್ ಹಾಕಿದಳು. ಅದು ಟಿಕ್ ಟಿಕ್ ಅಂತ ಎಷ್ಟು ಬೇಕಾದರೂ ಸುತ್ತುತ್ತೆ, ಕೊನೆ ಅನ್ನೋದೇ ಇಲ್ಲ. ಇವತ್ತು ಬೆಳಗ್ಗೆ ಆಲೆಮನೇಲಿ ನಾನು ತಿರುಗಿಸಿ ನೋಡಿದ್ದು ಅದನ್ನೇ. ಆದರೆ ಶಿವರಾಮು ಅವತ್ತು ತಿರುಗಿಸಿದ ನಾಬು ಗಕ್ಕಂತ ನಿಂತಿತ್ತಂತೆ. ನಿಲ್ಲೋದು ಇದು ಮಾತ್ರ."

ಅವರು ಬಟ್ಟೆಯ ಮೇಲಿಂದಲೇ ನಾಬನ್ನು ತಿರುಗಿಸಿದರು. ಅದು ಸದ್ದಿಲ್ಲದೆ ಸರಿದು, ತಡೆದು ನಿಂತಿತು. ಚಂದನ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಂದರೆ ಅವತ್ತು ಗಾಣಕ್ಕೆ ಇದ್ದದ್ದು ಈ ಡಬ್ಬಿ. ಆಮೇಲೆ ಯಾರೋ ಇದನ್ನ ಬಿಚ್ಚಿ, ಎನ್‌ಕೋಡರ್ ಡಬ್ಬಿ ಮತ್ತೆ ಸಿಕ್ಕಿಸಿದಾರೆ. ವಿದ್ಯೆ ಏನೂ ಬೇಡ, ಒಂದು ಪ್ಲಗ್ ಕಿತ್ತು ಇನ್ನೊಂದು ಹಾಕೋದು ಅಷ್ಟೆ. ಆಲೆಮನೇಲಿ ಎಲ್ಲದರ ಮೇಲೂ ಕಬ್ಬಿನ ಹಾಲಿನ ಅಂಟಿದೆ, ಗೋಡೆ ಮೇಲೂ ಇದೆ. ಆದರೆ ಬೆಳಗ್ಗೆ ಅಲ್ಲಿದ್ದ ಡಬ್ಬೀನ ಮುಟ್ಟಿದಾಗ ನನ್ನ ಬೆರಳಿಗೆ ಏನೂ ಅಂಟಲಿಲ್ಲ, ಹಿಂದಿನ ಸಂಜೆ ಚಂದನ ಒರೆಸಿಟ್ಟ ಹಾಗೇ ಇತ್ತು. ಅವತ್ತಿನ ಹಾಲು ಹಾರಿದ್ದು ಇದರ ಮೇಲೆ. ಅವಸರದಲ್ಲಿ ಒರೆಸಿದಾರೆ, ನಾಬಿನ ಸಂದಿ ಮರೆತಿದಾರೆ. ಇರುವೆ ಮರೆಯಲಿಲ್ಲ." ಅವರು ಡಬ್ಬಿಯ ಅಂಚನ್ನು ಸಬ್ ಇನ್ಸ್‌ಪೆಕ್ಟರಿಗೆ ತೋರಿಸಿದರು. "ಈ ಕಲೆ ಹಾಲಿನದಲ್ಲ, ರಕ್ತ. ಪರೀಕ್ಷೆಗೆ ಕಳಿಸಿ. ಶಿವರಾಮುದು ಅಂತ ಬರುತ್ತೆ."

ಹೊಂಬಾಳಮ್ಮ ಗೋಡೆಗೆ ಸರಿದು ಕುಳಿತರು. ಈ ಮನೆಯ ಅಟ್ಟ ಹತ್ತಬಲ್ಲವರು ಈ ಮನೆಯವರೇ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆದಂತಿತ್ತು.

"ಹೊನ್ನಯ್ಯನವರು, ಹೊಂಬಾಳಮ್ಮ, ರಘುನಂದನ್ ಮೂವರೂ ಶಿವರಾಮು ಜೊತೆ ಮಂಡ್ಯಕ್ಕೆ ಹೋದರು. ಆಳುಗಳು ಓಡಿಹೋದರು. ಚಂದನ ಮಳವಳ್ಳೀಲಿದ್ದಳು. ಬೀಗ ಬೀಳೋ ತನಕ ಆಲೆಮನೇಲಿ ಇದ್ದವರು ಒಬ್ಬರೇ. ರಘುನಂದನ್ ಮೇಲೂ ನನಗೆ ಅನುಮಾನ ಇತ್ತು, ಸುಳ್ಳಲ್ಲ. ಆದರೆ ತಂಗೀನ ಬಸ್ಸಿಗೆ ಬಿಟ್ಟು ಬಂದವನು ಅವನೇ. ಅವಳು ಊರಲ್ಲಿಲ್ಲ ಅಂತ ಅವನಿಗೆ ಗೊತ್ತಿತ್ತು."

ಜಯಪ್ರಕಾಶ್ ಮುದ್ದೆಯ ತಟ್ಟೆಯನ್ನು ನಿಧಾನವಾಗಿ ನೆಲಕ್ಕಿಟ್ಟ.

"ಗೊತ್ತಿಲ್ಲದವರು ನೀವು," ಎಂದರು ಪಂಕಜಮ್ಮ ಅವನ ಕಡೆ ತಿರುಗಿ. "ಹಿಂದಿನ ದಿನವೇ ಡಬ್ಬಿ ಬದಲಾಯಿಸಿ ಆಲೆಮನೇಲೇ ಮಲಗಿದ್ರಿ. ಬೆಳಗ್ಗೆ ಅವಳು ಹೋಗಿದ್ದು ನಿಮಗೆ ತಿಳೀಲಿಲ್ಲ. ಕೂಗಿದ್ದು ಗಂಡಸು. ಗದ್ದೇಲಿದ್ದ ರಘುನಂದನನಿಗೂ ಶಿವರಾಮು ದನಿ ಅಂತ ಗೊತ್ತಾಯ್ತು. ನೀವು ಅವನಿಗಿಂತ ಹತ್ತಿರದಲ್ಲಿದ್ರಿ. ಆದರೂ ಓಡಿ ಬಂದಿದ್ದು ಚಂದನಳ ಹೆಸರು ಕೂಗ್ತಾ."

ಜಯಪ್ರಕಾಶ್ ಮಾತಾಡಿದಾಗ ಅದು ಯಾರಿಗೂ ಹೇಳಿದಂತಿರಲಿಲ್ಲ. "ಮಿಸನ್ನಿಗೆ ಕೆಟ್ಟ ಎಸರು ಬರ್ಲಿ ಅಂತ ಮಾಡ್ದೆ ಅಷ್ಟೇಯ. ಒಂದು ಸಲ ತಾನಾಗಿ ತಿರುಗಿದ್ರೆ ಜನ ಎದರ್ತಾರೆ, ಅಣ್ಣ ಕಿತ್ತಾಕ್ತಾನೆ ಅಂತ. ಗಾಣದ ಸದ್ದು ಕೇಳ್ಕಂಡೇ ಈಟು ಜೋರು, ಈಟು ನಿಧಾನ ಅಂತ ಏಳ್ತಿದ್ದವ್ನು ನಾನು. ಎಲ್ರ ಮುಂದ್ಲೂವೆ ಅಣ್ಣ ಅಂದ, ಇನ್ನು ನಿಂಗೇನು ಕೆಲ್ಸ ಇಲ್ಲ ಕಣ್ಲಾ, ಮಗಳ ಡಬ್ಬಿ ಎಲ್ಲಾ ನೋಡ್ಕತದೆ ಅಂತ. ನಗ್ತಾ ಅಂದ."

"ಅಂದೆ," ಎಂದರು ಹೊನ್ನಯ್ಯ. "ತಮಾಸೆಗೆ ಅಂದೆ ಕಣ್ಲಾ."

"ಯಾರ ಕೈಯೂ ಅಲ್ಲಿರಾಕಿಲ್ಲ ಅನ್ಕಂಡಿದ್ದೆ," ಎಂದ ಜಯಪ್ರಕಾಶ್.

"ಇಲ್ಲ," ಎಂದರು ಪಂಕಜಮ್ಮ. ಅವರ ಮಾತು ಮೆಲ್ಲಗಿತ್ತು. "ಕರೆಂಟು ಹೋದಾಗ ಉರುಳೆಗೆ ಕೈಹಾಕೋದು ಯಾರು ಅಂತ ನಿಮಗೆ ಗೊತ್ತಿತ್ತು. ಅದಕ್ಕೇ ಆ ಹೆಸರು ಬಾಯಿಗೆ ಬಂತು. ಬೇಡ ಅನ್ನಿಸಿ ಓಡಿ ಬಂದಿರಬಹುದು, ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಡಬ್ಬಿ ಸಿಕ್ಕಿಸುವಾಗ ಗೊತ್ತಿತ್ತು. ಇಡೀ ರಾತ್ರಿ ಅದರ ಪಕ್ಕದಲ್ಲೇ ಮಲಗಿದ್ರಿ. ತೆಗೀಲಿಲ್ಲ."

ಪೇದೆ ಬಂದು ತೋಳು ಹಿಡಿದಾಗ ಜಯಪ್ರಕಾಶ್ ಎದ್ದ. ಹೊಸ್ತಿಲ ಬಳಿ ಚಂದನಳ ಕಡೆ ತಿರುಗಲು ನೋಡಿದ. ಅವಳು ದೀಪಿಕಳ ಹೆಗಲಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಜೀಪಿನ ಸದ್ದು ದೂರವಾದ ಮೇಲೆ ತಲೆಯೆತ್ತಿದಳು.

"ನಂಗೆ ಸೈಕಲ್ ಕಲಿಸಿದ್ದು ಚಿಕ್ಕಪ್ಪ, ಅಕ್ಕ," ಎಂದಳು. "ಇವತ್ತು ಬೈಕಲ್ಲಿ ಅವರ ಸೊಂಟ ಹಿಡ್ಕೊಂಡು ಬಂದೆ. ದಾರಿ ಉದ್ದಕ್ಕೂ ಇನ್ನು ಭಯ ಇಲ್ಲ ಅನ್ನಿಸ್ತಿತ್ತು."

ಪಂಕಜಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. "ನೀನು ಆರಿಸಿದ್ದು ಅಗ್ಗದ್ದು, ಆದರೆ ಸರಿಯಾದ್ದು. ಅದೇ ಇದ್ದಿದ್ರೆ ಶಿವರಾಮು ಕೈ ಉಳೀತಿತ್ತು."

ಮುಂದಿನ ವಾರ ದೀಪಿಕ ಚಂದನಳನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ವಾರ್ಡಿನ ಬಾಗಿಲಲ್ಲೇ ಚಂದನ ನಿಂತುಬಿಟ್ಟಳು. ಶಿವರಾಮುವಿನ ಬ್ಯಾಂಡೇಜು ಚಿಕ್ಕದಾಗಿತ್ತು. ಅದರೊಳಗೆ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಅವನೇ ಎಡಗೈ ಬೀಸಿ ಕರೆದ.

"ಗಾಣ ಮತ್ತೆ ಓಡಿಸ್ತೀಯೇನವ್ವ?"

"ಗೊತ್ತಿಲ್ಲ ಶಿವರಾಮಣ್ಣ. ಆ ಕೋಣೆಗೆ ಹೋಗೋಕೇ ಭಯ ಆಗುತ್ತೆ."

"ನಂಗೂ ಆಯ್ತದೆ," ಎಂದ ಶಿವರಾಮು. "ಫ್ಯಾನು ತಿರುಗಿದ್ರೂ ಎದೆ ಒಡ್ಕತದೆ. ಆದ್ರೂ ಬತ್ತೀನಿ ಕಣವ್ವ, ಬೇರೆ ಕೆಲ್ಸ ಏನು ಮಾಡಾನ. ಇಬ್ರೂ ಒಟ್ಗೇ ಒಳಿಕ್ಕೆ ಓಗಾನ. ಕರೆಂಟು ಓದಾಗ ಮಾತ್ರ ನೀನು ನನ್ನ ಪಕ್ಕದಲ್ಲೇ ನಿಂತಿರು."

ಚಂದನ ಮಂಚದ ಅಂಚಿನಲ್ಲಿ ಕುಳಿತಳು. ಅವನ ಬ್ಯಾಂಡೇಜಿನ ಕೈಯನ್ನು ನೋಡಿ ಹೂಂ ಎಂದಳು.